ಜಾಗ ಮುಚ್ಚಿತು, ಉಬ್ಬು ಹೋಗಲಿಲ್ಲ: ಹಲ್ಲು ಕೀಳಿಸಿ ಕ್ಲಿಪ್ ಹಾಕಿಸುವವರು ಗಮನಿಸಿ
ಉಬ್ಬು ಹಲ್ಲಿಗೆ ಕ್ಲಿಪ್ ಹಾಕಿಸುವಾಗ ನೋವೆಷ್ಟು, ಖರ್ಚೆಷ್ಟು ಅಂತ ಎಲ್ಲರೂ ಕೇಳುತ್ತಾರೆ. ಕಿತ್ತ ಜಾಗಕ್ಕೆ ಯಾವ ಹಲ್ಲು ಬಂದು ಕೂರುತ್ತದೆ ಅಂತ ಕೇಳುವವರು ಕಡಿಮೆ. ಕೇಸ್ ಕೆಡುವುದು ಅಲ್ಲೇ.

ಹಾಗೆ ಕೆಟ್ಟ ಕೇಸ್ ಹೀಗಿರುತ್ತದೆ. ಮೇಲಿನ ಮುಂದಿನ ಹಲ್ಲು ಕೆಳಗಿನವಕ್ಕಿಂತ 9 ಮಿ.ಮೀ. ಮುಂದೆ. ಕೋರೆಹಲ್ಲಿನ ಪಕ್ಕದ ಪ್ರೀಮೋಲಾರ್ (ಕೋರೆಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಚಿಕ್ಕ ಹಲ್ಲು) ಎರಡೂ ಬದಿಯಲ್ಲಿ ಕಿತ್ತರೆ, ಬದಿಗೆ ಸುಮಾರು 7 ಮಿ.ಮೀ. ಜಾಗ. ಅದರಲ್ಲಿ 6 ಮಿ.ಮೀ. ಮುಂದಿನ ಹಲ್ಲಿಗೇ ಬೇಕು. ಪವರ್ ಚೈನ್ (ಹಲ್ಲುಗಳನ್ನು ಒಟ್ಟಿಗೆ ಎಳೆಯುವ ರಬ್ಬರ್ ಸರಪಳಿ) ಎಳೆಯಿತು, ಜಾಗ ಪೂರ್ತಿ ಮುಚ್ಚಿತು. ಆದರೆ ಮುಂದಿನವು ಹಿಂದೆ ಸರಿದದ್ದು 3 ಮಾತ್ರ. ಉಳಿದ 4 ಮಿ.ಮೀ. ದವಡೆ ಹಲ್ಲು ಮುಂದೆ ಬಂದು ನುಂಗಿತು. ಎಳೆಯುವ ಬಲ ಎರಡೂ ತುದಿಗೆ ಸಮ, ಹಿಂದಿನದನ್ನು ಬಿಗಿಯಾಗಿ ಹಿಡಿದಿರಲಿಲ್ಲ.

ಅಲ್ಲಿದ್ದ ಆಂಕರೇಜ್, ಅಂದರೆ ಹಿಂದಿನ ಹಲ್ಲು ಜರುಗದಂತೆ ಹಿಡಿಯುವ ವ್ಯವಸ್ಥೆ, ಟಿಪಿಎ (ಟ್ರಾನ್ಸ್‌ಪ್ಯಾಲಟಲ್ ಆರ್ಚ್) ಒಂದೇ: ಅಂಗುಳಿಗೆ ಅಡ್ಡವಾಗಿ 0.9 ಮಿ.ಮೀ. ಸ್ಟೀಲ್ ತಂತಿ. ದವಡೆ ಹಲ್ಲು ತಿರುಗದಂತೆ, ಅಗಲ ಕೆಡದಂತೆ ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಎರಡೂ ಬದಿಯ ದವಡೆ ಹಲ್ಲು ಜೋಡಿಯಾಗಿ ಮುಂದೆ ಬಂದರೆ ತಂತಿಯೂ ಜೊತೆಗೇ ಬರುತ್ತದೆ. ನ್ಯಾನ್ಸ್ ಬಟನ್ ಸ್ವಲ್ಪ ವಾಸಿ. ಅದರ ಅಕ್ರಿಲಿಕ್ ಬಿಲ್ಲೆ ಅಂಗುಳಿನ ಮುಂಭಾಗಕ್ಕೆ ಆನಿಕೊಂಡಿರುತ್ತದೆ. ಬಿಲ್ಲೆಯ ಅಂಚು ಹೂತು, ಸುತ್ತ ಕೆಂಪಾಗಿ ಊದಿದ್ದರೆ ದವಡೆ ಹಲ್ಲು ಜರುಗುತ್ತಿದೆ ಎಂದೇ ಅನುಮಾನಿಸಿ. ಹೆಡ್‌ಗೇರ್ (ತಲೆಗೆ ಪಟ್ಟಿ ಹಾಕಿ ದವಡೆ ಹಲ್ಲನ್ನು ಹೊರಗಿನಿಂದ ಹಿಡಿಯುವ ಸಾಧನ) ಕೆಲಸ ಮಾಡುತ್ತದೆ, ದಿನಕ್ಕೆ 12ರಿಂದ 14 ಗಂಟೆ ಹಾಕಿದರೆ. ಕಾಲೇಜು ಮಕ್ಕಳು ಹಾಕುವುದಿಲ್ಲ, ಹಾಕಿದೆ ಅಂತ ಹೇಳುತ್ತಾರೆ. ಮೇಲಿನ ಮುಂಭಾಗದಿಂದ ಕೆಳಗಿನ ದವಡೆ ಹಲ್ಲಿಗೆ ಹಾಕುವ ರಬ್ಬರ್‌ಬ್ಯಾಂಡ್ ಸಾಲ ತೀರಿಸಲು ಮಾಡುವ ಸಾಲ: ಮೇಲೆ ಜಾಗ ಉಳಿಸಿ, ಕೆಳಗಿನ ಹಲ್ಲುಗಳನ್ನು ಮುಂದಕ್ಕೆ ವಾಲಿಸುತ್ತದೆ.

ಇಂಥ ಕೇಸ್‌ಗೆ ಮಿನಿ ಸ್ಕ್ರೂ, ಅಂದರೆ ದವಡೆ ಎಲುಬಿಗೇ ಹಾಕುವ ಪುಟ್ಟ ತಿರುಪು, ಬೇಕಿತ್ತು. ಸಾಮಾನ್ಯವಾಗಿ 1.5 ಮಿ.ಮೀ. ದಪ್ಪ, 8 ಮಿ.ಮೀ. ಉದ್ದ, ಎರಡನೇ ಪ್ರೀಮೋಲಾರ್ ಮತ್ತು ಮೊದಲ ದವಡೆ ಹಲ್ಲಿನ ಬೇರುಗಳ ನಡುವೆ ಕೂರುತ್ತದೆ. ಅದರಿಂದ ನೇರವಾಗಿ 150ರಿಂದ 200 ಗ್ರಾಂ ಸ್ಪ್ರಿಂಗ್ ಎಳೆದರೆ ದವಡೆ ಹಲ್ಲಿಗೆ ಭಾರವೇ ಬೀಳದು. ಅದೂ ಕೈಕೊಡುತ್ತದೆ: ಸುಮಾರು ಏಳೆಂಟರಲ್ಲೊಂದು ಸಡಿಲವಾಗುತ್ತದೆ. ಬೇರಿಗೆ ತಾಗಿದ್ದರೆ, ಅಲುಗಾಡುವ ಮೆತ್ತನೆ ವಸಡಿನಲ್ಲಿ ಹಾಕಿದ್ದರೆ, ಸುತ್ತ ಬ್ರಷ್ ಮಾಡದಿದ್ದರೆ ಇನ್ನೂ ಬೇಗ. ನಾಲಿಗೆಗೋ ಬ್ರಷ್‌ಗೋ ಅಲುಗಿದ್ದು ಗೊತ್ತಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಸ್ಕ್ರೂವನ್ನು ದವಡೆ ಹಲ್ಲಿಗೆ ಕಟ್ಟಿ, ಆ ಹಲ್ಲಿನಿಂದ ಎಳೆಯುವ ಕ್ರಮ ಇನ್ನೂ ಮೋಸದ್ದು. ಸ್ಕ್ರೂ ವಾಲಿದರೂ ಯಾರಿಗೂ ಕಾಣುವುದಿಲ್ಲ.

ಕೀಳಿಸುವ ಮುಂಚೆಯೇ ಕೇಳಿ: 7 ಮಿ.ಮೀ. ಜಾಗದಲ್ಲಿ ದವಡೆ ಹಲ್ಲಿಗೆ ಎಷ್ಟು ಬಿಡುತ್ತೀರಿ, ಯಾವುದರಿಂದ ಹಿಡಿಯುತ್ತೀರಿ? ಪ್ರತಿ ಭೇಟಿಯಲ್ಲೂ ಜಾಗದ ಜೊತೆ ಉಬ್ಬನ್ನೂ ಸ್ಕೇಲ್ ಇಟ್ಟು ಅಳೆಯಲಿ. ಜಾಗ ಅರ್ಧ ಮುಚ್ಚಿ ಉಬ್ಬು ಹೆಚ್ಚು ಇಳಿಯದಿದ್ದರೆ ಚೈನ್ ಅಲ್ಲೇ ನಿಲ್ಲಿಸಿ ಸ್ಕ್ರೂ ಹಾಕಬೇಕು. ಪೂರ್ತಿ ಮುಚ್ಚಿದ ಮೇಲಾದರೆ ಸ್ಕ್ರೂ ಹಿಡಿದು ಇಡೀ ಸಾಲನ್ನೇ ಹಿಂದಕ್ಕೆ ತಳ್ಳಬೇಕು. ಹಿಂದೆ ಬುದ್ಧಿಹಲ್ಲು ಅಡ್ಡ ಇದ್ದರೆ ಸಾಮಾನ್ಯವಾಗಿ ಅದನ್ನೂ ಕೀಳಬೇಕಾಗುತ್ತದೆ.