ಒಂದೇ ಟೊಮೆಟೊ, ನಾಲ್ಕು ಸುದ್ದಿ: ಯಾವುದನ್ನು ನೋಡಿ ಕಾಯಿ ಕೀಳಿಸಬೇಕು?

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತು. ಅಂಥ ದಿನಗಳಲ್ಲೇ ಮಾಧ್ಯಮಗಳ ವ್ಯತ್ಯಾಸ ಎದ್ದು ಕಾಣುವುದು.

ಟಿವಿಗೆ ಬೇಕಿರುವುದು ಗರಿಷ್ಠ ದರ. ಅದು ಒಂದೆರಡು ಒಳ್ಳೆಯ ಲಾಟಿಗಷ್ಟೇ ಬಿದ್ದ ಬೆಲೆಯಾಗಿರಬಹುದು. ‘ರೈತ ಕೋಟ್ಯಧಿಪತಿ’ ಎಂದು ಕೂಗುವವರು ಔಷಧಿ, ಕೂಲಿ, ಬಾಡಿಗೆ, ಕಮಿಷನ್ ಕಳೆಯುವುದಿಲ್ಲ. ಬೆಂಗಳೂರಿನ ಓದುಗರಿಗಾಗಿ ಬರೆಯುವ ಪತ್ರಿಕೆಗೆ ಕೆ.ಜಿ.ಯ ಚಿಲ್ಲರೆ ಬೆಲೆ ಮುಖ್ಯ. ಕೊಳ್ಳುವವರಿಗೆ ಸರಿ, ಬೆಳೆದವರಿಗೆ ಪ್ರಯೋಜನವಿಲ್ಲ.

ಜಿಲ್ಲಾ ಪುಟದ ವರದಿ ಮೇಲು. ಆವಕ (ಮಾರುಕಟ್ಟೆಗೆ ಬಂದ ಮಾಲು) ಎಷ್ಟು, ಹೊರರಾಜ್ಯದ ಖರೀದಿದಾರರು ಬಂದಿದ್ದಾರೋ ಇಲ್ಲವೋ, ಮಳೆಗೆ ಕಾಯಿ ಒಡೆದಿದೆಯೋ, ಎಲೆಸುರುಳಿ ರೋಗ ಹಬ್ಬಿದೆಯೋ ಎಂಬುದು ಅಲ್ಲೇ ಸಿಗುವುದು. ಆದರೆ ಬೆಳಗ್ಗೆ ಓದುವುದು ನಿನ್ನೆಯ ದರವನ್ನು.

ಲೆಕ್ಕಕ್ಕೆ ರಾಜ್ಯ ಸರ್ಕಾರದ ಮಾರುಕಟ್ಟೆ ದರದ ಜಾಲತಾಣ ‘ಕೃಷಿ ಮಾರಾಟ ವಾಹಿನಿ’ಯ ಪಟ್ಟಿಯೇ ಗಟ್ಟಿ: ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ. ಗರಿಷ್ಠವನ್ನು ಬಿಟ್ಟು ಮಾದರಿ ದರ ಹಿಡಿಯಿರಿ. ಹೆಚ್ಚು ಮಾಲು ಹೋಗುವುದು ಅದರ ಆಸುಪಾಸಿನಲ್ಲಿ. ಪಟ್ಟಿ ಕ್ವಿಂಟಲ್‌ನಲ್ಲಿರುವುದರಿಂದ 0.15ರಿಂದ ಗುಣಿಸಿ: 4,000 ಎಂದರೆ ಬಾಕ್ಸಿಗೆ 600. ಇಲ್ಲಿ ಎಡವುವವರೇ ಜಾಸ್ತಿ. ದಿನಾಂಕವನ್ನೂ ನೋಡಿ, ಹಳೆಯ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಹೊಸದಾಗಿ ಸುತ್ತುತ್ತಿರುತ್ತದೆ.

ಕೀಳಿಸುವ ದಿನ ಗೊತ್ತುಮಾಡಲು ಪಟ್ಟಿ ಮತ್ತು ಜಿಲ್ಲಾ ಪುಟ ಎರಡೂ ಬೇಕು. ಟಿವಿ ಊಟದ ಹೊತ್ತಿಗೆ ಸಾಕು.