ಬೀಡಿನ ಮಾಲಿಗೆ ಸೈ, ಹೈ ಟೆನ್ಸೈಲ್ ಬೋಲ್ಟಿಗೆ ಬೇಡ: ಉದ್ಯಮಬಾಗಿನ ಒಂದು ಜಿಂಕ್ ಪ್ಲೇಟಿಂಗ್ ಘಟಕ

ಬೆಳಗಾವಿ ಫೌಂಡ್ರಿಗಳ ಬೀಡಿನ (ಎರಕದ ಕಬ್ಬಿಣದ) ಮಾಲಿಗೆ ಕರೆಂಟು ಹಾಯಿಸಿ ಜಿಂಕ್ (ಸತು) ಹಿಡಿಸುವುದು ಉಕ್ಕಿನ ಪಟ್ಟಿಗೆ ಹಿಡಿಸಿದಷ್ಟು ಸಲೀಸಲ್ಲ. ಬೀಡಿನ ಮೈತುಂಬ ಗ್ರಾಫೈಟ್. ಕ್ಷಾರದ ಬಾತ್‌ಗೆ, ಅಂದರೆ ಪ್ಲೇಟಿಂಗ್ ದ್ರಾವಣದ ತೊಟ್ಟಿಗೆ, ಇಳಿಬಿಟ್ಟರೆ ಕರೆಂಟಿನ ಬಹುಪಾಲು ಹೈಡ್ರೋಜನ್ ಗುಳ್ಳೆ ಎಬ್ಬಿಸುವುದರಲ್ಲೇ ಹೋಗುತ್ತದೆ. ಜಿಂಕ್ ಕೂರುವುದಿಲ್ಲ, ಕೂತರೂ ತೇಪೆ ತೇಪೆ. ಉದ್ಯಮಬಾಗ್ ಕೈಗಾರಿಕಾ ಪ್ರದೇಶದ ಈ ಜಾಬ್‌ವರ್ಕ್ ಘಟಕದಲ್ಲಿ (ಬೇರೆಯವರ ಮಾಲಿಗೆ ಕೂಲಿಗೆ ಪ್ಲೇಟಿಂಗ್ ಮಾಡಿಕೊಡುವಲ್ಲಿ) ಇರುವುದು ಆಮ್ಲೀಯ ಕ್ಲೋರೈಡ್ ಬಾತ್. ಇದರಲ್ಲಿ ಬೀಡಿಗೂ ಜಿಂಕ್ ಕೂರುತ್ತದೆ. ಪಂಪ್ ಕವರ್, ವಾಲ್ವ್ ಬಾಡಿ ಕೊಡುವವರಿಗೆ ಇದೊಂದೇ ಕಾರಣ ಸಾಕು.

ಬಾತ್ ನಿರ್ವಹಣೆ ಚೆನ್ನಾಗಿದೆ. ಪಿಎಚ್ 5ರಿಂದ 5.8ರೊಳಗೆ, ಲೀಟರಿಗೆ ಸುಮಾರು 30 ಗ್ರಾಂ ಜಿಂಕ್, ಜೊತೆಗೆ ಬೋರಿಕ್ ಆಮ್ಲ. ಚದರ ಡೆಸಿಮೀಟರಿಗೆ 2 ಆಂಪಿಯರ್ ಕೊಟ್ಟರೆ 10 ಮೈಕ್ರಾನ್ ಕೂರಲು ಹೆಚ್ಚುಕಡಿಮೆ 18 ನಿಮಿಷ ಬೇಕು. ಆದರೆ ಅದು ಸರಾಸರಿ ಲೆಕ್ಕ. ಅಂಚಿನಲ್ಲಿ ದಪ್ಪ, ಕುಳಿಯೊಳಗೆ ತೆಳು. ದಪ್ಪ ಅಳೆಯುವ ಗೇಜನ್ನು ಅಂಚಿಗಿಟ್ಟು ತೋರಿಸಿದರೆ ಒಪ್ಪಬೇಡಿ. ಮ್ಯಾಗ್ನೆಟಿಕ್ ಗೇಜ್ ಆದರೆ ಪ್ಲೇಟಿಂಗ್ ಆಗದ ನಿಮ್ಮದೇ ಬೀಡಿನ ತುಂಡಿನ ಮೇಲೆ ಸೊನ್ನೆ ಹೊಂದಿಸಿದ ನಂತರವೇ ಅಳೆಯಬೇಕು.

ಎಡವುವುದು ಪಿಕ್ಲಿಂಗ್‌ನಲ್ಲಿ, ಅಂದರೆ ಪ್ಲೇಟಿಂಗ್‌ಗೆ ಮೊದಲು ಆಮ್ಲದಲ್ಲಿ ತುಕ್ಕು ತೆಗೆಯುವಾಗ. ತುಕ್ಕು ಹಿಡಿದ ಉಕ್ಕನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಡುವಷ್ಟೇ ಹೊತ್ತು ಬೀಡನ್ನೂ ಇಡುತ್ತಾರೆ. ಕಬ್ಬಿಣ ಕರಗಿ ಗ್ರಾಫೈಟ್ ಮಸಿಯಂತೆ ಮೇಲೆ ಉಳಿಯುತ್ತದೆ, ಅದರ ಮೇಲೆ ಕೂತ ಜಿಂಕ್ ಸಿಪ್ಪೆಯೇಳುತ್ತದೆ. ಶಾಟ್ ಬ್ಲಾಸ್ಟ್ ಮಾಡಿಯೇ (ಸಣ್ಣ ಲೋಹದ ಗುಂಡುಗಳನ್ನು ರಭಸದಿಂದ ಎರಚಿ ಮೈ ಸ್ವಚ್ಛ ಮಾಡಿಯೇ) ಕಳಿಸಿ, ‘ಆಮ್ಲದಲ್ಲಿ ಅದ್ದಿ ತೆಗೆದರೆ ಸಾಕು’ ಎಂದು ತಿಳಿಸಿ. ತೊಳೆಯುವ ತೊಟ್ಟಿಯೂ ಇಲ್ಲಿ ಒಂದೇ. ಬೀಡಿಗೆ ಅದು ಸಾಲದು. ಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಂಡ ಆಮ್ಲ, ಉಪ್ಪು ಕೆಲವು ದಿನಗಳ ಮೇಲೆ ಜಿನುಗಿ ಬಿಳಿ ಕಲೆಯಾಗುತ್ತವೆ. ಬೆಳಗಾವಿ ಮಳೆಗಾಲದ ತೇವಕ್ಕೆ ಇನ್ನೂ ಬೇಗ. ಬಿಸಿನೀರು, ತಣ್ಣೀರು ಎಂದು ಬದಲಿಸಿ ತೊಳೆಯಲು ಕೇಳಿದರೆ ಮಾಡಿಕೊಡುತ್ತಾರೆ, ಆದರೆ ಕೇಳಬೇಕು.

10.9, 12.9 ದರ್ಜೆಯ, ಅಂದರೆ ಹೆಚ್ಚು ಎಳೆತ ತಡೆಯುವ ಹೈ ಟೆನ್ಸೈಲ್ ಬೋಲ್ಟನ್ನು ಮಾತ್ರ ಇಲ್ಲಿ ಕೊಡಲೇಬೇಡಿ. ಆಮ್ಲದಲ್ಲೂ ಪ್ಲೇಟಿಂಗ್‌ನಲ್ಲೂ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಬಿಗಿದಾಗ ಏನೂ ಆಗದ ಬೋಲ್ಟ್ ಎಷ್ಟೋ ಗಂಟೆಗಳ ನಂತರ ತಾನಾಗಿ ತುಂಡಾಗಬಹುದು. ಆ ಹೈಡ್ರೋಜನ್ ಬಿಡಿಸಲು ಪ್ಲೇಟಿಂಗ್ ಮುಗಿದ 4 ಗಂಟೆಯೊಳಗೆ, ಪ್ಯಾಸಿವೇಶನ್‌ಗೂ (ಜಿಂಕ್ ಮೇಲೆ ಕೊಡುವ ರಕ್ಷಕ ರಾಸಾಯನಿಕ ಪದರಕ್ಕೂ) ಮೊದಲು, 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಇಲ್ಲಿ ಅದಕ್ಕೆ ಓವನ್ ಇಲ್ಲ.

ಹೊಳಪು ಬೇಕೆಂದು ನಿಕಲ್ ಕೇಳುವವರಿದ್ದಾರೆ. ತುಕ್ಕು ತಡೆಯುವುದೇ ಉದ್ದೇಶವಾದರೆ ಜಿಂಕೇ ಮೇಲು. ಗೀರು ಬಿದ್ದರೂ ಜಿಂಕ್ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನಿಕಲ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿ ಕಬ್ಬಿಣವೇ ಮೊದಲು ತಿನ್ನಿಸಿಕೊಳ್ಳುತ್ತದೆ.

ತಿರುಗುವ ಬ್ಯಾರೆಲ್‌ನಲ್ಲಿ ಹಾಕುವ ಸಣ್ಣ ಮಾಲಿಗೆ ಕಿಲೋ ಲೆಕ್ಕ, ರ್ಯಾಕ್‌ಗೆ ತೂಗುಹಾಕುವ ಮಾಲಿಗೆ ಒಂದೊಂದು ತುಂಡಿನ ಲೆಕ್ಕ, ದರದಲ್ಲಿ ತಕರಾರಿಲ್ಲ. ಹೊರಗಡೆ ಥ್ರೆಡ್ ಇರುವ ಮಾಲಾದರೆ 10 ಮೈಕ್ರಾನ್ ಲೇಪಕ್ಕೆ ಪಿಚ್ ವ್ಯಾಸ (ಥ್ರೆಡ್ಡಿನ ಇಳಿಜಾರಿನ ನಡುವೆ ಅಳೆಯುವ ವ್ಯಾಸ) ಸುಮಾರು 40 ಮೈಕ್ರಾನ್ ಹೆಚ್ಚುತ್ತದೆ, ಮಷಿನಿಂಗ್‌ನಲ್ಲೇ ಅಷ್ಟು ಜಾಗ ಬಿಡಿ. ಚಲನ್ ಮೇಲೆ ಬರೀ ‘ಜಿಂಕ್’ ಎಂದು ಬರೆದರೆ ಎಷ್ಟು ತೆಳುವಾಗಿ ಬಂದರೂ ಕೇಳುವಂತಿಲ್ಲ. ಐಎಸ್ 1573 (ಕಬ್ಬಿಣ, ಉಕ್ಕಿನ ಮೇಲಿನ ಜಿಂಕ್ ಪ್ಲೇಟಿಂಗ್‌ನ ಭಾರತೀಯ ಮಾನದಂಡ), ಬೀಡೋ ಉಕ್ಕೋ, ಕನಿಷ್ಠ ಎಷ್ಟು ಮೈಕ್ರಾನ್, ಎಲ್ಲಿ ಅಳೆಯಬೇಕು, ಪ್ಯಾಸಿವೇಶನ್ ಯಾವುದು, ಇಷ್ಟನ್ನೂ ಬರೆದು ಅವರ ಸಹಿ ಹಾಕಿಸಿಕೊಳ್ಳಿ.