ಹತ್ತು ದಿನದ ವಿಪಶ್ಯನವೋ, ಪ್ಲಮ್ ವಿಲೇಜೋ?

ಧ್ಯಾನ ಶಿಬಿರಕ್ಕೆ ಹೋಗಬೇಕು, ಇವೆರಡರಲ್ಲಿ ಯಾವುದು ಅಂತ ಯೋಚಿಸುತ್ತಿದ್ದೀರಾ? ಖರ್ಚು ನೋಡಿದರೆ, ಧ್ಯಾನಗುರು ಎಸ್. ಎನ್. ಗೋಯೆಂಕಾ ಪರಂಪರೆಯ ವಿಪಶ್ಯನವೇ (ಉಸಿರು, ಮೈಯ ಸಂವೇದನೆಗಳನ್ನು ಗಮನಿಸುವ ಧ್ಯಾನ) ಹಗುರ. ಊಟ, ವಸತಿಗೆ ಶುಲ್ಕವಿಲ್ಲ, ಶಿಬಿರ ಮುಗಿಸಿದ ಮೇಲೆ ಮನಸ್ಸಿದ್ದರೆ ದಾನ ಕೊಡಬಹುದು. ವಿಯೆಟ್ನಾಂನ ಬೌದ್ಧ ಭಿಕ್ಷು ತಿಕ್ ನ್ಯಾಟ್ ಹಾನ್ 1982ರಲ್ಲಿ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಶುರು ಮಾಡಿದ ಧ್ಯಾನ ಕೇಂದ್ರ ಪ್ಲಮ್ ವಿಲೇಜ್‌ನಲ್ಲಿ ಶುಲ್ಕವಿದೆ.

ಆದರೆ ದುಡ್ಡಿಗಿಂತ ಜಾಸ್ತಿ ಯೋಚಿಸಬೇಕಾದ್ದು ದಿನಚರಿ ಬಗ್ಗೆ. ವಿಪಶ್ಯನದಲ್ಲಿ ಬೆಳಗಿನ ಜಾವ 4ಕ್ಕೆ ಎದ್ದು ದಿನಕ್ಕೆ ಸುಮಾರು 10 ಗಂಟೆ ಕೂರಬೇಕು, ಹೆಚ್ಚುಕಡಿಮೆ ಕೊನೆವರೆಗೂ ಮೌನ, ಸಂಜೆ ಹೊಸಬರಿಗೆ ಹಣ್ಣು, ಟೀ ಅಷ್ಟೇ. ಮಂಡಿ ನೋವಿರುವವರು ಯೋಚಿಸಿ. ಪ್ಲಮ್ ವಿಲೇಜ್‌ನಲ್ಲಿ ನಡಿಗೆಯೂ ಧ್ಯಾನವೇ. ಗಂಟೆ ಕೇಳಿದ ಕೂಡಲೇ ತರಕಾರಿ ಹೆಚ್ಚುತ್ತಿದ್ದವರೂ ಕೈ ನಿಲ್ಲಿಸಿ ಉಸಿರು ಗಮನಿಸುತ್ತಾರೆ, ಎಷ್ಟು ಚೆನ್ನಾಗಿದೆ ಅಲ್ವಾ?

ಮಕ್ಕಳ ಜೊತೆ ಹೋಗುವುದಾದರೆ ಪ್ಲಮ್ ವಿಲೇಜ್‌ನ ಬೇಸಿಗೆ ಶಿಬಿರ ನೋಡಿ. ಒಂದೇ ವಿಧಾನವನ್ನು ಗಟ್ಟಿಯಾಗಿ ಕಲಿಯಬೇಕಿದ್ದರೆ ವಿಪಶ್ಯನ. ಮನಸ್ಸು ತೀರಾ ಕುಗ್ಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಿ.